ಕ್ರಿಸ್ಮಸ್ಸಿನ ಮರುದಿನ

ಸಂಘದ ಆತ್ಮೀಯ ಬಂಧುಗಳೇ,

ಡಿಸೆಂಬರ್ 25 ಎಲ್ಲರಿಗೂ ಗೊತ್ತು. 26ನೇ ತಾರೀಖು ಸಂತ ಸ್ತೆಫನನ ದಿನ. ನಮ್ಮಲ್ಲಿ ಅನೇಕರಿಗೆ ಅದು ಹಬ್ಬದ ಆಯಾಸ ಕಳೆಯುವ ದಿನ ಮಾತ್ರ. ಕ್ರಿಸ್ತನ ಹೆಸರಿಗಾಗಿ ಮೊದಲು ಪ್ರಾಣ ಕೊಟ್ಟವನು ಈ ಸ್ತೆಫನ. ಯೇಸುವಿನ ಹುಟ್ಟುಹಬ್ಬದ ಬೆನ್ನಿಗೇ ಒಬ್ಬ ರಕ್ತಸಾಕ್ಷಿಯನ್ನು ನೆನೆಯಬೇಕೆಂದು ಹಿರಿಯರು ಇಟ್ಟ ಕಟ್ಟಳೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಜೆರುಸಲೇಮಿನ ಹೊರಗೆ ಜನ ತನ್ನ ಮೇಲೆ ಕಲ್ಲೆಸೆಯುತ್ತಿದ್ದಾಗ ಸ್ತೆಫನ ಮೊಣಕಾಲೂರಿ, ಈ ಪಾಪವನ್ನು ಇವರ ಮೇಲೆ ಹೊರಿಸಬೇಡ ಎಂದು ಬೇಡಿಕೊಂಡ. ಕಲ್ಲೆಸೆದವರು ತಮ್ಮ ಬಟ್ಟೆಗಳನ್ನು ಬಿಚ್ಚಿ ಸೌಲನೆಂಬ ಯುವಕನ ಕಾಲ ಬಳಿ ಇಟ್ಟಿದ್ದರು. ಅದೇ ಸೌಲ ಮುಂದೆ ಕ್ರಿಸ್ತನನ್ನು ಊರೂರಿಗೆ ಸಾರಿದ ಪೌಲನಾದ. ಆ ಹಿಂಸೆಗೆ ಚೆದುರಿದ ಶಿಷ್ಯರು ಹೋದಲ್ಲೆಲ್ಲ ಸುವಾರ್ತೆ ಹೇಳಿದರು, ಅಂದಿನ ಸಿರಿಯಾದ ಅಂತಿಯೋಕ್ಯ ನಗರದವರೆಗೂ ಹೋದರು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಅಲ್ಲೇ. ಕ್ರೈಸ್ತರ ರಕ್ತವೇ ಬೀಜ ಎಂದು ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಕ್ರಿ.ಶ. 197ರ ಸುಮಾರಿಗೆ ಬರೆದ.

ಆದರೆ ರಕ್ತ ಬಿದ್ದಲ್ಲೆಲ್ಲ ಸಭೆ, ಅಂದರೆ ಕ್ರೈಸ್ತ ಸಮುದಾಯ, ಬೆಳೆಯಿತು ಎನ್ನಲಾಗದು. ತೆರ್ತುಲ್ಲಿಯನನ ಕಾರ್ಥೇಜಿನಲ್ಲೇ ಆ ಪುರಾತನ ಸಭೆ ಕಾಲಕ್ರಮೇಣ ಇಲ್ಲವಾಯಿತು. ಜಪಾನಿನ ನಾಗಸಾಕಿಯಲ್ಲಿ 1597ರಲ್ಲಿ 26 ಕ್ರೈಸ್ತರನ್ನು ಶಿಲುಬೆಗೇರಿಸಿದರು. ಆಮೇಲೆ ಧರ್ಮವನ್ನೇ ನಿಷೇಧಿಸಿದಾಗ ಎಷ್ಟೋ ಮಂದಿ ಕೈಬಿಟ್ಟರು. ಅವರನ್ನು ನಾನು ಹಳಿಯಲಾರೆ. ಉಳಿದವರು ಪಾದ್ರಿಯಿಲ್ಲದೆ, ಚರ್ಚಿಲ್ಲದೆ, ಮನೆಯಲ್ಲೇ ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟು, ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸಿ, ಎರಡು ಶತಮಾನಕ್ಕೂ ಹೆಚ್ಚು ಕಾಲ ಗುಟ್ಟಾಗಿ ನಂಬಿಕೆ ಉಳಿಸಿಕೊಂಡರು. 1865ರಲ್ಲಿ ಉರಾಕಾಮಿ ಹಳ್ಳಿಯ ಕೆಲವರು ನಾಗಸಾಕಿಯ ಹೊಸ ಚರ್ಚಿಗೆ ಬಂದು, ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಎಂದು ಫ್ರೆಂಚ್ ಪಾದ್ರಿಗೆ ಮೆಲ್ಲಗೆ ಹೇಳಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆ ಎಂದು ಕೇಳಿದರು. ಸತ್ತವರ ಧೈರ್ಯದಷ್ಟೇ ಉಳಿದವರ ಹಟವೂ ಸಭೆಯನ್ನು ಕಾಯುತ್ತದೆ ಎಂದು ನಾನು ನಂಬಿರುವುದು ಇಂಥವರಿಂದ.

ನಮ್ಮ ಕೋಲಾರದ ಮನೆಯಲ್ಲಿ ಯಾರೂ ಪ್ರಾಣ ಕೊಡಬೇಕಾಗಿ ಬರಲಿಲ್ಲ. ಆ ಸಾಲಿಗೆ ನಮ್ಮನ್ನು ಸೇರಿಸಿಕೊಳ್ಳುವುದು ಸರಿಯಲ್ಲ. ಆದರೆ ಮಾತಿನ ಪೆಟ್ಟು ತಿಂದಿದ್ದೇವೆ. 1876-78ರ ಧಾತು-ಈಶ್ವರ ಬರದಲ್ಲಿ ಅನಾಥರಾದ ಮಕ್ಕಳನ್ನು ಮಿಷನರಿ ಮಿಸ್ ಆನ್‌ಸ್ಟೀ ಕೋಲಾರದಲ್ಲಿ ಸಾಕಿದರು. ಅವರ ಮಿಷನ್ 1890ರಲ್ಲಿ ಮೆಥೋಡಿಸ್ಟ್ ಸಭೆಯ ಕೈಗೆ ಬಂತು. ನಮ್ಮಜ್ಜಿಯ ತಾತ ಆ ಮಕ್ಕಳಲ್ಲಿ ಒಬ್ಬರು. ಗಂಜಿಗೆ ದೇವರನ್ನು ಬಿಟ್ಟವರು ಎಂಬ ಮಾತು ಅಜ್ಜಿಯ ಕಾಲಕ್ಕೂ ನಿಂತಿರಲಿಲ್ಲ. ಒಲೆ ಮುಂದೆ ಕೂತು ಮುದ್ದೆ ತೊಳಸುತ್ತಾ ಅಜ್ಜಿ ಹೇಳುತ್ತಿದ್ದರು: "ಗಂಜಿ ಮುಗ್ದು ಎಷ್ಟು ಕಾಲ ಆಯ್ತಪ್ಪ! ನಾವಿನ್ನೂ ಸಭೆಗೆ ಹೋಗ್ತಾನೇ ಇದ್ದೀವಲ್ಲ." ಹಾಗೆ ಅಂದವರ ಮನೆಗೂ ಕ್ರಿಸ್ಮಸ್ಸಿಗೆ ಕಜ್ಜಾಯದ ತಟ್ಟೆ ತಪ್ಪದೆ ಹೋಗುತ್ತಿತ್ತು. ಅದನ್ನು ಹಿಡಿದುಕೊಂಡು ಹೋಗಲು ನನಗೆ ಸಿಟ್ಟು; ಅಜ್ಜಿ ಬಿಡುತ್ತಿರಲಿಲ್ಲ.

ಮಧ್ಯಪ್ರದೇಶದಲ್ಲಿ ಬಡವರ ಪರ ದುಡಿಯುತ್ತಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು 1995ರಲ್ಲಿ ಬಸ್ಸಿನಿಂದ ಎಳೆದು ಇರಿದು ಕೊಂದರು. ಅವರ ತಂಗಿ ಜೈಲಿಗೆ ಹೋಗಿ, ಕೊಂದವನ ಕೈಗೆ ರಾಖಿ ಕಟ್ಟಿದರು. ಆತ ಪಶ್ಚಾತ್ತಾಪಪಟ್ಟ. 2017ರಲ್ಲಿ ಕ್ಯಾಥೋಲಿಕ್ ಸಭೆ ರಾಣಿ ಮರಿಯಾ ಅವರನ್ನು ಧನ್ಯರೆಂದು ಘೋಷಿಸಿತು; ಅದು ಸಂತಪದವಿಯ ಹಿಂದಿನ ಮೆಟ್ಟಿಲು. ಸ್ತೆಫನನ ಪ್ರಾರ್ಥನೆ ನಮ್ಮ ದೇಶದಲ್ಲಿ, ನಮ್ಮ ಕಾಲದಲ್ಲೇ ಮತ್ತೆ ಕೇಳಿಸಿದ್ದು ಹೀಗೆ.

ಹಾಗೆಂದು ಹಿಂಸೆಯನ್ನು ಯಾರೂ ಹೊಗಳಬಾರದು. ಹೊರದೇಶದಲ್ಲಿ ಬೆಚ್ಚಗೆ ಕೂತಿರುವ ನಮಗಂತೂ ಆ ಹಕ್ಕಿಲ್ಲ. ಊರಿನಲ್ಲಿ ಯಾವ ಧರ್ಮದವರ ಪ್ರಾರ್ಥನೆಗೆ ಅಡ್ಡಿಯಾದರೂ ಅದು ತಪ್ಪೆಂದು ಹೇಳುವುದು ನಮ್ಮ ಕೆಲಸ.

26ರ ಸಂಜೆ ಸಂಘದಲ್ಲಿ ಸ್ತೆಫನನ ಕಥೆಯಿರುವ, ಬೈಬಲಿನ ಅಪೊಸ್ತಲರ ಕೃತ್ಯಗಳ ಏಳನೆಯ ಅಧ್ಯಾಯವನ್ನು ಕನ್ನಡದಲ್ಲಿ ಓದುತ್ತೇವೆ. ಎಲ್ಲ ಧರ್ಮದವರೂ ಬನ್ನಿ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಕಡೆಯ ಹಿರಿಯರು ತಮ್ಮ ಮನೆಯವರು ನಂಬಿಕೆಗಾಗಿ ಪಟ್ಟ ಕಷ್ಟವನ್ನು ಹೇಳಬೇಕೆಂದು ಕೋರಿಕೆ. ಮಕ್ಕಳು ಅದನ್ನು ಬರೆದುಕೊಳ್ಳುತ್ತಾರೆ. ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ