ತರಬೇತಿಯುದ್ದಕ್ಕೂ ಜೊತೆಗಿದ್ದವರಿಗೆ

ನಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಶಿಕ್ಷಕರಿಗಾಗಿ ವರ್ಷಪೂರ್ತಿ ನಡೆದ ಡಿಸ್ಲೆಕ್ಸಿಯಾ (ಬುದ್ಧಿ ಚುರುಕಿದ್ದರೂ ಓದು, ಬರಹ ಕಷ್ಟವಾಗುವ ತೊಡಕು) ತರಬೇತಿ ಕಳೆದ ವಾರ ಮುಗಿಯಿತು. ಹೆಗಲು ಕೊಟ್ಟವರಿಗೆಲ್ಲ ಮನಸಾರೆ ಧನ್ಯವಾದ.

ಮೊದಲ ನಮಸ್ಕಾರ ನಮ್ಮ ಬಿಐಇಆರ್‌ಟಿ ಮೇಡಂಗೆ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ತಾಲ್ಲೂಕಿನ ಶಾಲೆಗಳಿಗೆ ಇರುವ ಸಂಪನ್ಮೂಲ ಶಿಕ್ಷಕಿಗೆ. ಡಿಸ್ಲೆಕ್ಸಿಯಾ ಅಂದ ಕೂಡಲೇ ಎಲ್ಲರೂ ಇಂಗ್ಲಿಷಿನ ಬಿ, ಡಿ ಅದಲುಬದಲಾಗುವ ಮಾತೇ ಆಡುತ್ತಾರೆ. ಮೇಡಂ ನಮ್ಮ ಮಕ್ಕಳ ಕನ್ನಡ ನೋಟ್‌ಬುಕ್ಕುಗಳನ್ನೇ ಹರವಿಕೊಂಡು ಕೂತರು. 'ಕಲ್ಲು' ಬರೆಯಲು ಹೋದ ಮಗು ಒತ್ತು ಬಿಟ್ಟು 'ಕಲು' ಬರೆದಿರುತ್ತದೆ. ಇನ್ನೊಂದು ಮಗು ದೀರ್ಘಗಳನ್ನೆಲ್ಲ ನುಂಗಿರುತ್ತದೆ. 'ಕರ್ನಾಟಕ'ದಲ್ಲಿ 'ರ್' ಕಿವಿಗೆ ಮೊದಲು ಕೇಳುತ್ತದೆ, ಬರೆಯುವಾಗ ಅರ್ಕಾವೊತ್ತಾಗಿ 'ನಾ' ಆದ ಮೇಲೆ ಬರುತ್ತದೆ. ಎಷ್ಟು ಕಷ್ಟ ಅಲ್ವಾ! ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನೂರಾರು ರೂಪಗಳು. ಕೈಗೆ ಹತ್ತಲು ಯಾವ ಮಗುವಿಗಾದರೂ ಕೆಲವು ವರ್ಷ ಬೇಕು. ಹಾಗಾಗಿ ಎರಡನೇ ಕ್ಲಾಸಿನಲ್ಲಿ ತಪ್ಪಿತು ಅಂತ ಸುಮ್ನೆ ಹೆಸರು ಹಚ್ಚಬಾರದು. ಚೆನ್ನಾಗಿ ಕಲಿಸಿದ ಮೇಲೂ ಅದೇ ತೊಡಕು ಉಳಿದರೆ ತಜ್ಞರ ಹತ್ತಿರ ಕಳಿಸಬೇಕು. ಡಿಸ್ಲೆಕ್ಸಿಯಾ ಹೌದೋ ಅಲ್ಲವೋ ಹೇಳಬೇಕಾದವರು ಅವರು. ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ರೂಪಿಸಿದ, ಡಿಸ್ಲೆಕ್ಸಿಯಾ ಗುರುತಿಸುವ 'ಡಾಲಿ' ಪರೀಕ್ಷೆ ಕನ್ನಡದಲ್ಲೂ ಇದೆ ಎಂದು ನಮಗೆ ಗೊತ್ತಾದದ್ದೂ ಈ ತರಬೇತಿಯಲ್ಲೇ.

ಜಾಸ್ತಿ ಉಪಯೋಗಕ್ಕೆ ಬಂದದ್ದು ಆಮೇಲಿನ ದಿನಗಳು. ಮೇಡಂ ನಮ್ಮ ತರಗತಿಗಳಿಗೇ ಬಂದು, ಮಕ್ಕಳ ಜೊತೆ ನೆಲದ ಮೇಲೆ ಕೂತು, ಮರಳಿನಲ್ಲಿ ಅಕ್ಷರ ತಿದ್ದಿಸಿದರು. ತಿದ್ದುವಾಗಲೇ ಗಟ್ಟಿಯಾಗಿ ಹೇಳಿಸಿದರು. ನಮ್ಮ ಅಜ್ಜಂದಿರು ಕಲಿತದ್ದೂ ಹೀಗೇ. ಮೇಡಂ, ನೀವು ಬಸ್ಸು ಹಿಡಿದು ಆ ಕೊನೆಯ ಶಾಲೆವರೆಗೂ ಬಂದದ್ದನ್ನು ನಾವು ಮರೆಯುವುದಿಲ್ಲ.

ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ (ಡಯಟ್) ಸರ್‌ಗೆ ವಂದನೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ ಎಲ್ಲ ಹಕ್ಕು ಎಂದು ಬಿಡಿಸಿ ಹೇಳಿದರು. ಪೋಷಕರ ಸಭೆಯಲ್ಲಿ ಇದನ್ನು ಧೈರ್ಯವಾಗಿ ಹೇಳಲು ನಮಗೆ ಬಲ ಬಂತು.

ಪರಿಸರ ಅಧ್ಯಯನದ ಉತ್ತರವನ್ನು ಬಾಯಲ್ಲಿ ಹೇಳಿದರೂ ಅಂಕ ಕೊಡಲು ಒಪ್ಪಿದ ಮುಖ್ಯಶಿಕ್ಷಕರೇ, ನಿಮಗೂ ಧನ್ಯವಾದ. ಒಂದು ಸಾಲು ಓದಲು ತಡವರಿಸುವ ಹುಡುಗ ರಾಗಿ ಬಿತ್ತನೆಯಿಂದ ಒಕ್ಕಣೆವರೆಗೆ ಎಲ್ಲವನ್ನೂ ವಿವರಿಸಿದಾಗ ಇಡೀ ಕ್ಲಾಸು ಕೇಳುತ್ತಾ ಕೂತಿತ್ತು.

ಕೂಲಿ ಬಿಟ್ಟು ಸಭೆಗೆ ಬಂದ ಅಪ್ಪ ಅಮ್ಮಂದಿರಿಗೆ ನಮ್ಮ ನಮಸ್ಕಾರ. ಜೂನ್‌ನಲ್ಲಿ ಪಕ್ಕದ ಕ್ಲಸ್ಟರಿನಲ್ಲಿ ತರಬೇತಿ ಶುರುವಾಗುತ್ತದೆ. ಈ ಸಲ ಮೇಡಂ ಜೊತೆ ಕಲಿಸಲು ನಮ್ಮವರೂ ಕೆಲವರು ಹೋಗುತ್ತಿದ್ದೇವೆ.