ಗೆಳೆಯನಿಗೊಂದು ಪತ್ರ: ಟಾಮ್ ಕೀಫರ್‌ನ ಗಂಟಲು

ಪ್ರೀತಿಯ ರಘು,

ಫಿಲಡೆಲ್ಫಿಯಾದಲ್ಲಿ ಮನೆ ಸಿಕ್ಕಿತು ಅಂತ ನೀನು ಕಳಿಸಿದ ಮೆಸೇಜ್ ಓದಿದೆ. ತುಂಬಾ ಖುಷಿಯಾಯಿತು. ನೀನು ಮೂರು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ ಮಾರಾಯ. ಎತ್ತಿದ್ದರೂ ಮಾತಾಡಲು ಆಗುತ್ತಿರಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಗಂಟಲು ಒಡೆಯುತ್ತಿತ್ತು. ಅರವತ್ತು ಮಕ್ಕಳ ಕ್ಲಾಸು, ಕಿಟಕಿಯಾಚೆ ಲಾರಿ ಓಡಾಡುವ ರಸ್ತೆ. ಕೂಗದೆ ಪಾಠ ಮಾಡುವುದು ಹೇಗೆ ಹೇಳು. ಒಂದು ದಿನ ಹಾಜರಿ ಕರೆಯುವಾಗ ಅರ್ಧಕ್ಕೇ ಸ್ವರ ನಿಂತುಹೋಯಿತು. ಬಾಯಿ ಆಡುತ್ತಿದೆ, ಉಸಿರು ಬರುತ್ತಿದೆ, ಶಬ್ದ ಮಾತ್ರ ಇಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಸುಮ್ನೆ ಎದ್ದು ಬಂದು, ನನ್ನ ಕೈಯಿಂದ ಹಾಜರಿ ಪುಸ್ತಕ ತಗೊಂಡು ಉಳಿದ ಹೆಸರುಗಳನ್ನು ಕರೆದಳು. ಆ ಗಳಿಗೆ ನನಗೆ ಇನ್ನೂ ಮರೆತಿಲ್ಲ.

ಡಾಕ್ಟರು ಮೂಗಿನಿಂದ ಕ್ಯಾಮೆರಾ ಇಳಿಸಿ ತೋರಿಸಿದರು. ಗಂಟಲಿನಲ್ಲಿ ಸ್ವರ ಹೊರಡಿಸುವ ಎರಡೂ ತಂತುಗಳ ಮೇಲೆ ಎಳ್ಳಿನಷ್ಟು ಗಂಟು. ಕೂಗಿ ಕೂಗಿ ಬರುವಂಥದ್ದು. ಮೊದಲ ಕೆಲವು ವಾರ ಪಿಸುಮಾತೂ ಬೇಡ ಅಂದರು. ಮನೆಯಲ್ಲಿ ಮಗಳ ಹಳೇ ಸ್ಲೇಟು ಕೈಗೆ ಬಂತು. ಆ ವಾರಗಳಲ್ಲಿ ನಾನು ಕೇಳಿದ್ದೆಲ್ಲ ಒಂದೇ ರಾಕ್ ಬ್ಯಾಂಡು, ಅಮೆರಿಕದ ಸಿಂಡರೆಲಾ. ಅವರು ನಿನ್ನ ಹೊಸ ಊರಿನವರೇ. ಅದಕ್ಕೇ ಈ ಪತ್ರ.

ಹಾಸ್ಟೆಲ್ಲಿನಲ್ಲಿ ನನ್ನ ಹತ್ತಿರ ಇದ್ದ ಅವರ ಕ್ಯಾಸೆಟ್ಟು ನೆನಪಿದೆಯಾ? ಆ ಕೂದಲು, ಆ ಬಟ್ಟೆ ನೋಡಿ "ಇವರು ಹಾಡುವವರಾ, ನಾಟಕದವರಾ" ಅಂತ ನೀನು ಪಕ್ಕಕ್ಕೆ ಇಟ್ಟಿದ್ದೆ. ಗ್ಲಾಮ್ ಮೆಟಲ್ ಅಂದರೆ ಆಗ ಅಮೆರಿಕದಲ್ಲೂ ಹಾಗೇ ಇತ್ತು. ಸ್ಪ್ರೇ ಹೊಡೆದು ಎಬ್ಬಿಸಿದ ಕೂದಲು, ಕಣ್ಣಿಗೆ ಕಾಡಿಗೆ, ಎಂಟಿವಿಯಲ್ಲಿ ದಿನವಿಡೀ ವಿಡಿಯೋ. ಸಿಂಡರೆಲಾವನ್ನೂ ಅದೇ ಗಂಟಿಗೆ ಕಟ್ಟಿಬಿಟ್ಟರು. ಅದು ಅನ್ಯಾಯ ಅಂತ ನಾನು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಅವರ ಹಾಡುಗಾರ ಟಾಮ್ ಕೀಫರ್ ಫಿಲಡೆಲ್ಫಿಯಾ ಪಕ್ಕದ ಸ್ಪ್ರಿಂಗ್‌ಫೀಲ್ಡ್‌ನವನು. ಹುಟ್ಟಿದ್ದು 1961ರಲ್ಲಿ. 80ರ ದಶಕದ ಶುರುವಿನಲ್ಲಿ ಬೇಸ್ ಬಾರಿಸುವ ಎರಿಕ್ ಬ್ರಿಟಿಂಗ್‌ಹ್ಯಾಮ್ ಜೊತೆ ಬ್ಯಾಂಡ್ ಕಟ್ಟಿದ. ಆಗ ಅವರು ಊರಿನ ಒಂದು ಹಾಟ್‌ಡಾಗ್ ಅಂಗಡಿಗೆ ಟಿವಿ ಜಾಹೀರಾತನ್ನೂ ಮಾಡಿಕೊಟ್ಟಿದ್ದರು. ಅದು ಈಗಲೂ ಯೂಟ್ಯೂಬ್‌ನಲ್ಲಿ ಸಿಗುತ್ತದೆ, ನೋಡು. ಆಮೇಲೆ 1985ರಲ್ಲಿ ಹಳೇ ಗಿಟಾರಿನವನೂ ಡ್ರಮ್ಮಿನವನೂ ಬ್ಯಾಂಡ್ ಬಿಟ್ಟು ಹೋದರು. ಗಿಟಾರಿಗೆ ಜೆಫ್ ಲಬಾರ್ ಬಂದ, ಡ್ರಮ್ಮಿಗೆ ಮುಂದೆ ಫ್ರೆಡ್ ಕೂರಿ ಬಂದ. ಅದೇ ಸುಮಾರಿಗೆ ನಿಮ್ಮೂರಿನ ಎಂಪೈರ್ ರಾಕ್ ಕ್ಲಬ್‌ನಲ್ಲಿ ಇವರ ಆಟ ನೋಡಿದ ರಾಕ್ ಹಾಡುಗಾರ ಜಾನ್ ಬಾನ್ ಜೋವಿ, ತನ್ನ ರೆಕಾರ್ಡ್ ಕಂಪನಿಯ ಡೆರೆಕ್ ಶುಲ್ಮನ್‌ಗೆ ಹೇಳಿದ. ಅಲ್ಲಿಂದ ಬಾಗಿಲು ತೆರೆಯಿತು.

1986ರಲ್ಲಿ ಮೊದಲ ಆಲ್ಬಂ 'ನೈಟ್ ಸಾಂಗ್ಸ್'. ಅಮೆರಿಕದ ಬಿಲ್‌ಬೋರ್ಡ್ ಮಾರಾಟದ ಪಟ್ಟಿಯಲ್ಲಿ 3ನೇ ಸ್ಥಾನದವರೆಗೆ ಹೋಯಿತು, ಅಮೆರಿಕದಲ್ಲೇ 30 ಲಕ್ಷ ಪ್ರತಿ ದಾಟಿತು. ನೀನು ಪಕ್ಕಕ್ಕಿಟ್ಟ ಕ್ಯಾಸೆಟ್ಟು ಅದೇ.

ನೀನು ಕೇಳಬೇಕಾದದ್ದು ಎರಡನೆಯದು. 1988ರ 'ಲಾಂಗ್ ಕೋಲ್ಡ್ ವಿಂಟರ್'. ಇದರ ಶುರುವಿನಲ್ಲಿ ಅಬ್ಬರವೇ ಇಲ್ಲ. ತಂತಿಯ ಮೇಲೆ ಸ್ಲೈಡ್ ಜಾರಿಸಿ ನುಡಿಸುವ ಗಿಟಾರ್, ಹಳೇ ಬ್ಲೂಸ್‌ನವರು, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನವರು, ಜಗಲಿಯಲ್ಲಿ ಕೂತು ನುಡಿಸಿದ ಹಾಗೆ. ಎರಡೂ ಆಲ್ಬಂಗಳನ್ನು ರೆಕಾರ್ಡ್ ಮಾಡಿಸಿದವನು ಆಂಡಿ ಜಾನ್ಸ್, ರೋಲಿಂಗ್ ಸ್ಟೋನ್ಸ್ ಮತ್ತು ಲೆಡ್ ಜೆಪೆಲಿನ್ ಅನ್ನುವ ದೊಡ್ಡ ರಾಕ್ ಬ್ಯಾಂಡುಗಳ ಜೊತೆ ಕೆಲಸ ಮಾಡಿದ ಎಂಜಿನಿಯರ್. ಕೀಫರ್ ಗಿಟಾರ್ ನುಡಿಸುತ್ತಾನೆ, ಪಿಯಾನೋ ನುಡಿಸುತ್ತಾನೆ, ಮೌತ್ ಆರ್ಗನ್ ಊದುತ್ತಾನೆ, ಹಾಡು ಬರೆಯುವವನೂ ಅವನೇ. 'ಡೋಂಟ್ ನೋ ವಾಟ್ ಯು ಗಾಟ್' ಹಾಡಿನ ವಿಡಿಯೋದಲ್ಲಿ ಕ್ಯಾಲಿಫೋರ್ನಿಯಾದ ಮೋನೋ ಸರೋವರದ ದಡದಲ್ಲಿ ಪಿಯಾನೋ ಮುಂದೆ ಕೂತು ಹಾಡುತ್ತಾನೆ. ಸುತ್ತ ಹುತ್ತದಂತೆ ಎದ್ದ ಸುಣ್ಣದ ಕಂಬಗಳು. ಅಲ್ಲಿಗೆ ಬರುವ ಹೊಳೆಗಳನ್ನು ಲಾಸ್ ಏಂಜಲೀಸ್ ನಗರ ಕುಡಿಯುವ ನೀರಿಗೆ ತಿರುಗಿಸಿಕೊಂಡಿತು, ನೀರು ಇಳಿದು ಆ ಕಂಬಗಳೆಲ್ಲ ಹೊರಗೆ ಬಂದವು. ಕಳೆದುಕೊಂಡ ಮೇಲೇ ಬೆಲೆ ಗೊತ್ತಾಗುತ್ತೆ ಅನ್ನುವ ಹಾಡಿಗೆ ಅದಕ್ಕಿಂತ ಒಳ್ಳೇ ಜಾಗ ಸಿಗುತ್ತಿರಲಿಲ್ಲ.

ಆ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳು. ಮೊದಲ ಸಾಲುಗಳಲ್ಲಿ ಅವನ ದನಿ ಕೆಳಗಿದೆ, ಒರಟಾಗಿದೆ, ಮರಳು ಕಾಗದ ಉಜ್ಜಿದ ಹಾಗೆ. ಪಲ್ಲವಿಗೆ ಬರುವ ಹೊತ್ತಿಗೆ ಅದೇ ದನಿ ಹರಿದುಕೊಂಡು ಮೇಲಕ್ಕೆ ಏರುತ್ತದೆ. ಹರಿಯುತ್ತೆ, ಆದರೆ ಶ್ರುತಿ ತಪ್ಪುವುದಿಲ್ಲ. ಮಾತು ನಿಂತ ಮೇಲೆ ನಾನು ಅದನ್ನು ಬೇರೆಯೇ ಥರ ಕೇಳಿದೆ. ಪ್ರತಿ ಸಲ ಅವನು ಮೇಲೆ ಹೋದಾಗ ನನ್ನ ಗಂಟಲು ಬಿಗಿಯುತ್ತಿತ್ತು.

ಆ ಆಲ್ಬಂ ಹಿಡಿದುಕೊಂಡು 14 ತಿಂಗಳಲ್ಲಿ 254 ಕಾರ್ಯಕ್ರಮ ಮಾಡಿದರು. 1989ರ ಆಗಸ್ಟ್‌ನಲ್ಲಿ ಮಾಸ್ಕೋದ ಲೆನಿನ್ ಸ್ಟೇಡಿಯಂನಲ್ಲೂ ಹಾಡಿದರು. ಆಗಿನ್ನೂ ಸೋವಿಯತ್ ಒಕ್ಕೂಟ ಇತ್ತು ನೋಡು. 1990ರಲ್ಲಿ ಮೂರನೆಯದು, 'ಹಾರ್ಟ್‌ಬ್ರೇಕ್ ಸ್ಟೇಷನ್'. ಅದರ ಎರಡು ಹಾಡುಗಳಿಗೆ ಪಿಟೀಲು ಮೇಳವನ್ನು ಜೋಡಿಸಿಕೊಟ್ಟವನು ಲೆಡ್ ಜೆಪೆಲಿನ್‌ನ ಜಾನ್ ಪಾಲ್ ಜೋನ್ಸ್. ಅಷ್ಟು ಹೊತ್ತಿಗೆ ಅವರ ಹಾಡಿನಲ್ಲಿ ಗ್ಲಾಮ್ ಅನ್ನುವುದು ಹೆಸರಿಗೆ ಮಾತ್ರ ಉಳಿದಿತ್ತು.

ಈಗ ನಾನು ನಿನಗೆ ಹೇಳಬೇಕು ಅಂತಿದ್ದ ವಿಷಯ. ಈ ಬ್ಯಾಂಡುಗಳ ಕಥೆ ಹೇಳುವವರೆಲ್ಲ ಒಂದೇ ಮಾತು ಹೇಳುತ್ತಾರೆ: 1991ರ ಸೆಪ್ಟೆಂಬರ್‌ನಲ್ಲಿ 'ನಿರ್ವಾಣ' ಅನ್ನುವ ಬ್ಯಾಂಡಿನ ಆಲ್ಬಂ ಬಂತು, ಸಿಯಾಟಲ್ ಊರಿನ ಹೊಸ ಥರದ ರಾಕ್‌ನ ಗಾಳಿ ಬೀಸಿತು, ಕೂದಲು ಬಿಟ್ಟವರೆಲ್ಲ ಮನೆಗೆ ಹೋದರು. ಎಷ್ಟೋ ಬ್ಯಾಂಡುಗಳ ಮಟ್ಟಿಗೆ ಅದು ಸರಿ. ಸಿಂಡರೆಲಾ ಮಟ್ಟಿಗೆ ಅರ್ಧ ಸತ್ಯ. ಅದೇ 1991ರಲ್ಲಿ ಕೀಫರ್‌ನ ದನಿ ಹೋಯಿತು. ಹಾಡಲು ಬಾಯಿ ತೆರೆದರೆ ಸ್ವರ ಒಡೆಯುತ್ತಿತ್ತು, ಹಿಡಿತಕ್ಕೇ ಸಿಗುತ್ತಿರಲಿಲ್ಲ. ಡಾಕ್ಟರಿಂದ ಡಾಕ್ಟರಿಗೆ ಅಲೆದ ಮೇಲೆ ಗೊತ್ತಾಯಿತು, ಎಡಗಡೆಯ ತಂತುವಿನ ನರ ಸೋತಿದೆ ಅಂತ.

ನಾನು ಇಷ್ಟು ವರ್ಷ ಅವನು ಕಿರುಚಿ ಕಿರುಚಿ ಗಂಟಲು ಕೆಡಿಸಿಕೊಂಡ ಅಂದುಕೊಂಡಿದ್ದೆ. ತಪ್ಪು. ನನ್ನದು ಗಂಟು, ಅವನದು ನರದ ತೊಂದರೆ. ಎಡಗಡೆ ತಂತುವನ್ನು ಆಡಿಸುವ ನರ ನೇರವಾಗಿ ಗಂಟಲಿಗೆ ಬರುವುದಿಲ್ಲವಂತೆ, ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಎದೆಯೊಳಕ್ಕೆ ಇಳಿದು, ಹೃದಯದ ದೊಡ್ಡ ರಕ್ತನಾಳದ ಕೆಳಗೆ ಸುತ್ತಿಕೊಂಡು, ಮತ್ತೆ ಮೇಲೆ ಹತ್ತುತ್ತದೆ. ಅದು ಸೋತರೆ ಎರಡು ತಂತುಗಳು ಸರಿಯಾಗಿ ಕೂಡುವುದಿಲ್ಲ. ನಡುವಿನ ಸಂದಿಯಲ್ಲಿ ಗಾಳಿ ಸೋರುತ್ತದೆ.

ಇನ್ನು ಮುಂದೆ ಹಾಡುವುದು ಕಷ್ಟ ಅಂತಲೇ ಅವನಿಗೆ ಹೇಳಿದ್ದರು. ಆದರೂ ನಾಲ್ಕನೇ ಆಲ್ಬಂ ಮುಗಿಸಿದ. ಅದು ಹೊರಗೆ ಬಂದಾಗ 1994. ಪಟ್ಟಿಯಲ್ಲಿ 178ನೇ ಸ್ಥಾನ. ಮರುವರ್ಷ ಕಂಪನಿ ಕೈಬಿಟ್ಟಿತು. ಆ ವರ್ಷಗಳಲ್ಲಿ ಅವನ ಗಂಟಲು ಸರಿ ಇದ್ದಿದ್ದರೆ, ಬ್ಲೂಸ್ ಹಿಡಿದ ಈ ಬ್ಯಾಂಡು ಸಿಯಾಟಲ್ ಗಾಳಿಯಲ್ಲೂ ನಿಲ್ಲುತ್ತಿತ್ತು ಅಂತ ನನಗೆ ಅನಿಸುತ್ತದೆ. ನೀನು ಒಪ್ಪದೇ ಇರಬಹುದು, ಮೂರನೇ ಆಲ್ಬಂ ಕೇಳಿ ಆಮೇಲೆ ಜಗಳಕ್ಕೆ ಬಾ.

ಆಮೇಲೆ ಅವನು ಮಾಡಿದ್ದು ನೋಡು. ಆ ನರಕ್ಕೆ ಔಷಧಿ ಇಲ್ಲ, ದನಿಯನ್ನು ಮೊದಲಿಂದ ಪಳಗಿಸಬೇಕು. ಥೆರಪಿಸ್ಟ್‌ಗಳ ಹತ್ತಿರ, ಸಂಗೀತದ ಗುರುಗಳ ಹತ್ತಿರ ವರ್ಷಗಟ್ಟಲೆ ಕೂತ. ನಡುವೆ ತಂತುವಿನಲ್ಲಿ ರಕ್ತನಾಳ ಒಡೆದು ಒಂದಲ್ಲ, ಹಲವು ಸಲ ಆಪರೇಷನ್ ಆಯಿತು. 2008ರಲ್ಲಿ ಗೊತ್ತಾಗಿದ್ದ ಇಡೀ ಪ್ರವಾಸ ಅದೇ ಕಾರಣಕ್ಕೆ ರದ್ದಾಯಿತು. ಮತ್ತೆ ಶುರುವಿನಿಂದ ಅಭ್ಯಾಸ. 2013ರಲ್ಲಿ, ಐವತ್ತೆರಡನೇ ವಯಸ್ಸಿನಲ್ಲಿ, ತನ್ನ ಹೆಸರಿನ ಮೊದಲ ಆಲ್ಬಂ ತಂದ. ಅದರಲ್ಲಿ ದನಿ ಇದೆ ರಘು. ಹಳೇ ಒರಟುತನವೂ ಇದೆ.

ಜೆಫ್ ಲಬಾರ್ 2021ರ ಜುಲೈನಲ್ಲಿ ತೀರಿಕೊಂಡ, ಐವತ್ತೆಂಟು ವರ್ಷಕ್ಕೆ. ಅದೇ ದಿನಗಳಲ್ಲಿ ಇವರ ಜೊತೆ ಕೀಬೋರ್ಡ್ ನುಡಿಸುತ್ತಿದ್ದ ಗ್ಯಾರಿ ಕಾರ್ಬೆಟ್ ಕೂಡ ಹೋದ. ಕೀಫರ್, ಬ್ರಿಟಿಂಗ್‌ಹ್ಯಾಮ್, ಲಬಾರ್, ಕೂರಿ, ಆ ನಾಲ್ವರು ಇನ್ನು ಒಂದೇ ವೇದಿಕೆ ಮೇಲೆ ನಿಲ್ಲುವುದಿಲ್ಲ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ನನಗೂ ಈಗ ಅಭ್ಯಾಸ ಶುರುವಾಗಿದೆ. ಬೆಳಿಗ್ಗೆ ಕಾಫಿಗೂ ಮುಂಚೆ ಲೋಟದಲ್ಲಿ ಅರ್ಧ ನೀರು, ಅದರಲ್ಲಿ ಒಂದು ಸ್ಟ್ರಾ. ಊದುತ್ತಾ 'ಊ' ಅನ್ನಬೇಕು. ನೀರು ಗುಳುಗುಳು ಅನ್ನುತ್ತದೆ, ತುಟಿ ನಡುಗುತ್ತದೆ, ದನಿ ಮೆಲ್ಲಗೆ ಹೊರಡುತ್ತದೆ. ಮೊದಲ ದಿನ ನಾಲ್ಕು ಸೆಕೆಂಡು ನಿಂತಿತು. ನಿನ್ನೆ ಹನ್ನೊಂದು. ಮಗಳು ಗಡಿಯಾರ ನೋಡಿಕೊಂಡು ಸ್ಲೇಟಿನ ಮೇಲೆ ಬರೆದಿಡುತ್ತಾಳೆ.

ಬಿಡುವಾದಾಗ ಸ್ಪ್ರಿಂಗ್‌ಫೀಲ್ಡ್ ಕಡೆ ಒಂದು ಸುತ್ತು ಹೋಗಿ ಬಾ, ಫೋಟೋ ಕಳಿಸು. ದಿನಕ್ಕೆ ಹತ್ತು ನಿಮಿಷ ಮಾತಾಡಬಹುದು ಅಂತ ಡಾಕ್ಟರು ಮೊನ್ನೆ ಹೇಳಿದ್ದಾರೆ. ಈ ಭಾನುವಾರದ ಹತ್ತು ನಿಮಿಷ ನಿನಗೇ ಇಟ್ಟಿದ್ದೇನೆ. ನಮ್ಮ ಸಂಜೆ ಏಳಕ್ಕೆ ಫೋನ್ ಮಾಡು. ಅದಕ್ಕೆ ಮುಂಚೆ ಎರಡನೇ ಆಲ್ಬಂ ಕೇಳಿರು.

ನಿನ್ನ,
ಶ್ರೀಧರ