ಡ್ರೈವರ್ ಇಲ್ಲದ ಗಾಡಿಯನ್ನು ಮೊದಲು ನಮ್ಮ ಮಳೆಯಲ್ಲಿ ಓಡಿಸಿ ನೋಡಿ

ಸಂಪಾದಕರಿಗೆ ನಮಸ್ಕಾರ,

ನಾನು ಉಡುಪಿ, ಮಣಿಪಾಲ, ಪರ್ಕಳ ಕಡೆ ಬೇಕರಿ ಐಟಮ್ ಲೈನ್ ಸೇಲಿಗೆ ಟೆಂಪೋ ಓಡಿಸುವವ. ಡ್ರೈವರ್ ಇಲ್ದೆ ಮನೆಬಾಗಿಲಿಗೆ ಸಾಮಾನು ತರುವ ಗಾಡಿ ಇವತ್ತಲ್ಲ ನಾಳೆ ಇಲ್ಲಿಗೂ ಬರ್ತದೆ ಅಂತ ಹುಡುಗ್ರು ಹೇಳ್ತಾರೆ, ಬರ್ಲಿ, ನಂದೇನೂ ವಿರೋಧ ಇಲ್ಲ, ಆದ್ರೆ ಅದು ಸೇಫ್ ಅಂತ ಹೇಳುದು ಯಾರು, ಎಲ್ಲಿ ಓಡಿಸಿ ನೋಡಿ ಹೇಳುದು, ಅದು ಈಗ್ಲೇ ತೀರ್ಮಾನ ಆಗ್ಬೇಕು.

2018ರ ಮಾರ್ಚಲ್ಲಿ ಅಮೆರಿಕದ ಅರಿಜೋನಾದಲ್ಲಿ ಊಬರ್‌ನ ತಾನಾಗಿಯೇ ಓಡುವ ಟೆಸ್ಟ್ ಕಾರು, ರಾತ್ರಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟ್ತಿದ್ದ ಹೆಂಗಸಿಗೆ ಬಡಿದು ಅವರು ತೀರಿಕೊಂಡ್ರು. ತನಿಖೆಯಲ್ಲಿ ಗೊತ್ತಾದದ್ದು ಎಂತ ಅಂದ್ರೆ, ಗಾಡಿಯ ರೇಡಾರಿಗೆ ಅವರು 5.6 ಸೆಕೆಂಡ್ ಮೊದ್ಲೇ ಕಂಡಿದ್ರು, ಆದ್ರೆ ಸಾಫ್ಟ್‌ವೇರ್ ಒಮ್ಮೆ ವಾಹನ, ಒಮ್ಮೆ ಬೇರೆ ಏನೋ, ಒಮ್ಮೆ ಸೈಕಲ್ ಅಂತ ಲೆಕ್ಕ ಬದಲಾಯಿಸ್ತಾ ಹೋಯ್ತು. ಜೀಬ್ರಾ ಕ್ರಾಸಿಂಗ್ ಇಲ್ಲದಲ್ಲಿ ಜನ ದಾಟ್ತಾರೆ ಅನ್ನುವುದೇ ಅದರ ಡಿಸೈನಲ್ಲಿ ಇರ್ಲಿಲ್ಲ. ನಮ್ಮಲ್ಲಿ ಜೀಬ್ರಾ ನೋಡಿ ದಾಟುವವರು ಎಷ್ಟು ಜನ ಹೇಳಿ? ಉಡುಪಿಯ ಕಲ್ಸಂಕ ಜಂಕ್ಷನಲ್ಲಿ ಸಂಜೆ ಹೊತ್ತು ಒಮ್ಮೆ ನಿಂತು ನೋಡಿ. ಕೃಷ್ಣಾಷ್ಟಮಿ ಮರುದಿನದ ವಿಟ್ಲಪಿಂಡಿಗೆ ಮೈತುಂಬ ಬಣ್ಣ ಹಚ್ಚಿದ ಹುಲಿವೇಷದವರು ರಸ್ತೆಗಿಳಿದ್ರೆ ಆ ಗಾಡಿಗೆ ಇವರು ಮನುಷ್ಯರು ಅಂತ ಗೊತ್ತಾಗ್ಬೇಕಲ್ಲ.

ಮತ್ತೆ ಮಳೆ. ಜುಲೈಯಲ್ಲಿ ಒಂದು ಗಂಟೆ ಜೋರು ಹೊಡೆದ್ರೆ ಬಿಳಿ ಪಟ್ಟಿ ಕಾಣುದಿಲ್ಲ, ತೋಡು ತುಂಬಿ ರಸ್ತೆ ಯಾವುದು ತೋಡು ಯಾವುದು ಗೊತ್ತಾಗುದಿಲ್ಲ, ನಾವಾದ್ರೆ ಕರೆಂಟ್ ಕಂಬ, ಕಾಂಪೌಂಡ್ ನೋಡಿ ಅಂದಾಜಿನಲ್ಲಿ ಹೋಗ್ತೇವೆ, ಕ್ಯಾಮರಾದ ಗ್ಲಾಸಿಗೆ ನೀರು ಕೂತ್ರೆ, ಲೇಸರ್ ಬೆಳಕು ಬಿಟ್ಟು ದೂರ ಅಳೆಯುವ ಲಿಡಾರಿನ ಬೆಳಕು ಮಳೆಹನಿಗೇ ತಾಗಿ ವಾಪಸ್ ಬಂದ್ರೆ ಆ ಗಾಡಿ ಎಂತ ನೋಡಿ ಹೋಗುದು?

ಇಷ್ಟು ಲಕ್ಷ ಕಿಲೋಮೀಟರ್ ಓಡಿಸಿದ್ದೇವೆ ಅಂತ ಕಂಪನಿ ಹೇಳಿದ್ರೆ ಸಾಕಾಗುದಿಲ್ಲ. ಸಾವಿನ ವಿಷಯದಲ್ಲಿ ಮನುಷ್ಯ ಡ್ರೈವರ್‌ಗಿಂತ ಕಡೆ ಅಲ್ಲ ಅಂತ ಬರೀ ಓಡಿಸಿ ತೋರಿಸ್ಲಿಕ್ಕೆ ಒಂದೂ ಸಾವಿಲ್ದೆ 27.5 ಕೋಟಿ ಮೈಲಿ ಓಡ್ಬೇಕು ಅಂತ ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ 2016ರಲ್ಲೇ ಲೆಕ್ಕ ಹಾಕಿದೆ. ಹಾಗಾಗಿ ಕಷ್ಟದ ಸಂದರ್ಭಗಳನ್ನೇ ಹುಡುಕಿ ಟೆಸ್ಟ್ ಮಾಡ್ಬೇಕು, ಅದೂ ಕಂಪನಿಗೆ ಸಂಬಂಧ ಇಲ್ಲದವರು. ಕ್ಯಾಲಿಫೋರ್ನಿಯಾದಲ್ಲಿ ಟೆಸ್ಟ್ ವೇಳೆ ಮನುಷ್ಯ ಎಷ್ಟು ಸಲ ಸ್ಟೇರಿಂಗ್ ಹಿಡಿಯಬೇಕಾಯ್ತು ಅಂತ ಕಂಪನಿಗಳು ಪ್ರತಿವರ್ಷ ರಿಪೋರ್ಟ್ ಕೊಡ್ತಾ ಬಂದಿವೆ, ಅದನ್ನು ಯಾರು ಬೇಕಾದ್ರೂ ಓದಬಹುದು.

ಇಲ್ಲಿಗೆ ಪರ್ಮಿಷನ್ ಕೊಡುವ ಮೊದ್ಲು ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಪೂರ್ತಿ ಮಳೆಗಾಲ, ಒಳಗೆ ಮನುಷ್ಯನನ್ನು ಕೂರಿಸಿಯೇ ಓಡಿಸ್ಲಿ, ಎಲ್ಲಿ ತಪ್ಪಿತು ಅಂತ ಕನ್ನಡದಲ್ಲಿ, ನಿಮ್ಮಂಥ ಪೇಪರಲ್ಲಿ ಹಾಕ್ಲಿ.

– ಒಬ್ಬ ಟೆಂಪೋ ಚಾಲಕ, ಉಡುಪಿ